ಗ್ವಾಟೆಮಾಲಾ ಮಾಲು

ನನಗೆ ಹೆಸರು ಗೊತ್ತಾದ ಮೊದಲ ಪರದೇಶ ಅಮೆರಿಕವೂ ಅಲ್ಲ, ಪಾಕಿಸ್ತಾನವೂ ಅಲ್ಲ, ಗ್ವಾಟೆಮಾಲಾ. ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಸಿದ್ದಾಪುರ ಸೀಮೆಯ ಅಜ್ಜನ ಮನೆಗೆ ಹೋದಾಗ ದಿನಕ್ಕೆ ಒಂದು ಸಲವಾದರೂ ಆ ಹೆಸರು ಕಿವಿಗೆ ಬೀಳುತ್ತಿತ್ತು. ಅಜ್ಜ ಅದನ್ನು 'ಗೋಟಮಾಲ' ಅನ್ನುತ್ತಿದ್ದ. ಅಡಿಕೆಯಲ್ಲಿ ಗೋಟು ಇದೆಯಲ್ಲ, ಹಾಗೆ ಇದೂ ಒಂದು ನಮೂನೆ ಕೆಟ್ಟ ಮಾಲು ಇರಬೇಕು ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಅದೊಂದು ದೇಶ, ಅಲ್ಲಿ ಜನ ಇದ್ದಾರೆ ಎಂದು ತಿಳಿದದ್ದು ಏಳನೇ ಇಯತ್ತೆಯಲ್ಲಿ, ಅಟ್ಲಾಸಿನ ಪುಟದಲ್ಲಿ ಮೆಕ್ಸಿಕೊದ ಕೆಳಗೆ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದಾಗ.

ಅಜ್ಜನ ಸಿಟ್ಟಿಗೆ ಕಾರಣವಿತ್ತು. ಅಡಿಕೆ ತೋಟದ ನೆರಳಿನಲ್ಲಿ ಏಲಕ್ಕಿ ಬೆಳೆಯುತ್ತಿದ್ದ. 1970ರ ದಶಕದ ಕೊನೆಯಲ್ಲಿ ಒಳ್ಳೆಯ ದರ ಸಿಕ್ಕಿ ಮನೆಗೆ ಮಂಗಳೂರು ಹೆಂಚು ಬಂತು. ಆಮೇಲೆ 1982-83ರ ಬರ, ಅದರ ಹಿಂದೆಯೇ ಗಿಡಗಳಿಗೆ ರೋಗ, ಅದರ ಹಿಂದೆ ದರ ಕುಸಿತ. ಅಮ್ಮ ಪಿಯುಸಿ ಪಾಸಾಗಿ ಧಾರವಾಡದಲ್ಲಿ ಬಿ.ಎ. ಓದಬೇಕೆಂದು ಟ್ರಂಕು ಕಟ್ಟಿಟ್ಟುಕೊಂಡಿದ್ದ ವರ್ಷ, ಅಜ್ಜ ಪೇಟೆಯಿಂದ ಬಂದು, ಅರಬರು ಈಗ ನಮ್ಮ ಏಲಕ್ಕಿ ಕೊಳ್ಳುವುದಿಲ್ಲವಂತೆ, ಗೋಟಮಾಲದ್ದು ಅಗ್ಗವಂತೆ ಅಂದನಂತೆ. ಟ್ರಂಕು ಬಿಚ್ಚಿದ್ದಾಯಿತು. ಎರಡು ವರ್ಷಕ್ಕೆ ಮದುವೆಯಾಗಿ ಅಮ್ಮ ಹುಬ್ಬಳ್ಳಿಗೆ ಬಂದಳು. ಹಾಗಾಗಿ ನಮ್ಮ ಮನೆಯ ಮಟ್ಟಿಗೆ ಗ್ವಾಟೆಮಾಲಾ ಅಂದರೆ ಅಮ್ಮನ ಡಿಗ್ರಿ ತಿಂದ ದೇಶ.

ಇದೆಲ್ಲ ಮತ್ತೆ ನೆನಪಾಗುವುದಕ್ಕೆ ನನ್ನ ಪಿಎಚ್.ಡಿ. ಕಾರಣ. ಹತ್ತೊಂಬತ್ತನೇ ಶತಮಾನದ ಧಾರವಾಡ ಜಿಲ್ಲೆಯ ಪೇಟೆಗಳಿಗೆ ಮಲೆನಾಡಿನ ಸರಕು ಹೇಗೆ ಬರುತ್ತಿತ್ತು ಎಂಬುದು ನನ್ನ ವಿಷಯ. ನವನಗರದ ನಮ್ಮ ಮನೆಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುವುದು, ಗ್ರಂಥಾಲಯದಲ್ಲಿ ಹಳೆಯ ಗೆಜೆಟಿಯರ್ ತಿರುವುವುದು, ಸಂಜೆ ಅಮರಗೋಳದ ಎಪಿಎಂಸಿ ಕಡೆಯಿಂದ ತೇಲಿಬರುವ ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಮನೆ ಸೇರುವುದು. 1884ರ ಧಾರವಾಡ ಗೆಜೆಟಿಯರಿನಲ್ಲಿ ಹಾವೇರಿಯ ಏಲಕ್ಕಿ ಪ್ರಸ್ತಾಪ ಬರುತ್ತದೆ. ಹಾವೇರಿಯಲ್ಲಿ ಒಂದು ಏಲಕ್ಕಿ ಗಿಡವೂ ಬೆಳೆಯುವುದಿಲ್ಲ. ಆದರೂ ಅದು ಏಲಕ್ಕಿ ಕಂಪಿನ ನಾಡು ಅನ್ನಿಸಿಕೊಂಡದ್ದು ಘಟ್ಟದಿಂದ ಇಳಿದ ಕಾಯಿಯನ್ನು ಅಲ್ಲಿನ ಬಾವಿ ನೀರಿನಲ್ಲಿ ತೊಳೆದು, ಬಿಳುಪು ಮಾಡಿ, ಮುಂದಿನ ಪೇಟೆಗಳಿಗೆ ಕಳಿಸುವ ಕಸುಬಿನಿಂದ. ಆ ಕಸುಬಿನ ಕೊನೆಯ ಕುರುಹಾಗಿ ಏಲಕ್ಕಿ ಹಾರ ಉಳಿದಿದೆ. ಮಂತ್ರಿಗಳ ಕೊರಳಲ್ಲಿ, ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ ನೀವೂ ನೋಡಿರುತ್ತೀರಿ.

ಹಾವೇರಿಯಲ್ಲಿ ಒಂದಿಷ್ಟು ದಿನ ಓಡಾಡಿ ಬಂದ ಮೇಲೆ ಹಬ್ಬಕ್ಕೆಂದು ಹುಬ್ಬಳ್ಳಿಯ ಒಂದು ಕಿರಾಣಿ ಅಂಗಡಿಯಲ್ಲಿ ಏಲಕ್ಕಿ ಕೇಳಿದೆ. ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟರು. ಒಂದರಲ್ಲಿ ಸಣ್ಣ ಕಾಯಿ, ಇನ್ನೊಂದರಲ್ಲಿ ದಪ್ಪ ಕಾಯಿ, ದರವೂ ಕಡಿಮೆ. 'ಇದು ಗ್ವಾಟೆಮಾಲಾ ಮಾಲ್ರೀ, ನೋಡಾಕ ಛಲೋ, ವಾಸನಿ ಅದರದು' ಎಂದು ಸಣ್ಣ ಕಾಯಿಯ ಕಡೆ ಬೆರಳು ತೋರಿಸಿದರು. ಗ್ವಾಟೆಮಾಲಾ ಏಲಕ್ಕಿ ಕಳ್ಳದಾರಿಯಲ್ಲಿ ಭಾರತಕ್ಕೆ ಬರುತ್ತದೆ ಎಂಬುದು ನಮ್ಮ ಬೆಳೆಗಾರರ ಹಳೆಯ ದೂರು. ನಾನು ಎರಡನ್ನೂ ಐವತ್ತು ಐವತ್ತು ಗ್ರಾಂ ಕೊಂಡೆ. ಅಜ್ಜ ಬದುಕಿದ್ದರೆ ಆ ಎರಡನೇ ಪೊಟ್ಟಣ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

ಅಂದು ರಾತ್ರಿಯಿಂದ ಓದುತ್ತಾ ಹೋದೆ. ಥೀಸಿಸ್ಸಿಗೆ ಸಂಬಂಧವಿಲ್ಲದ ಓದು ಎಷ್ಟು ಚೆಂದ ಸಾಗುತ್ತದೆ ಎಂಬುದು ಪಿಎಚ್.ಡಿ. ಮಾಡಿದವರಿಗೆಲ್ಲ ಗೊತ್ತು.

ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ ಗಿಡ. ನೆರಳು ಬೇಕು, ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಗ್ವಾಟೆಮಾಲಾದ ಉತ್ತರ ಭಾಗದ ಗುಡ್ಡಗಾಡು ಪ್ರಾಂತ್ಯ ಆಲ್ತಾ ವೆರಾಪಾಸ್, ಅದರ ಮುಖ್ಯ ಪಟ್ಟಣ ಕೊಬಾನ್. ಎತ್ತರ ಸುಮಾರು 1300 ಮೀಟರ್. ವರ್ಷದ ಬಹುಭಾಗ ಅಲ್ಲಿ ಸುರಿಯುವ ಸೋನೆಗೆ ಅಲ್ಲಿನವರು ಚಿಪಿ-ಚಿಪಿ ಅನ್ನುತ್ತಾರೆ. ನಮ್ಮ ಜಿಟಿಜಿಟಿಯ ದಾಯಾದಿಯಂತಿರುವ ಆ ಪದ ಓದಿದಾಗಲೇ, ಏಲಕ್ಕಿ ಅಲ್ಲಿ ಯಾಕೆ ನೆಲೆಯೂರಿತು ಎಂಬುದು ಅರ್ಧ ತಿಳಿಯಿತು. 1914ರ ಹೊತ್ತಿಗೆ ಆಸ್ಕರ್ ಮಾಯುಸ್ ಕ್ಲೋಫರ್ ಎಂಬ ಜರ್ಮನ್ ಕಾಫಿ ಬೆಳೆಗಾರ ಕೊಬಾನಿನ ಹತ್ತಿರ ಏಲಕ್ಕಿಯನ್ನು ಮೊದಲು ನೆಟ್ಟ ಎಂದು ಏಲಕ್ಕಿ ಚರಿತ್ರೆ ಬರೆದವರು ಹೇಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ. ಮಧ್ಯ ಅಮೆರಿಕದ ಆ ಮೂಲೆಯಲ್ಲಿ ಒಬ್ಬ ಜರ್ಮನ್ ಏನು ಮಾಡುತ್ತಿದ್ದ? ಅವನ ತೋಟ ಅದಕ್ಕೆ ಮುಂಚೆ ಯಾರದಾಗಿತ್ತು?

ಆ ನೆಲ ಕೆಕ್ಚಿ ಎಂಬ ಮಾಯಾ ಜನರದು. 1524ರಲ್ಲಿ ಪೆದ್ರೊ ದೆ ಆಲ್ವರಾದೊನ ಸ್ಪೇನ್ ಸೈನ್ಯ ಗ್ವಾಟೆಮಾಲಾಕ್ಕೆ ನುಗ್ಗಿ ದಕ್ಷಿಣದ ಎತ್ತರದ ರಾಜ್ಯಗಳನ್ನು ಮುರಿಯಿತು, ಆದರೆ ಈ ಭಾಗ ಬಗ್ಗಲಿಲ್ಲ. ಸ್ಪೇನಿನವರು ಇದನ್ನು ಯುದ್ಧದ ನಾಡು ಎಂದೇ ಕರೆದರು. ಕತ್ತಿಯಿಂದ ಆಗದ್ದನ್ನು ಮಾತಿನಿಂದ ಮಾಡುತ್ತೇನೆ ಎಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ 1537ರಲ್ಲಿ ಹೊರಟ. ಸೈನಿಕರು ಒಳಗೆ ಕಾಲಿಡಬಾರದು ಎಂಬುದು ಅವನ ಷರತ್ತು. ಆಮೇಲೆ ಆ ನಾಡಿಗೆ ವೆರಾಪಾಸ್, ಅಂದರೆ ನಿಜವಾದ ಶಾಂತಿ, ಎಂದು ಹೆಸರಿಟ್ಟರು. ಭೂಪಟದ ಮೇಲೆ ಹೆಸರು ಹಾಗೆಯೇ ಉಳಿದುಕೊಂಡಿದೆ.

1821ರಲ್ಲಿ ಸ್ಪೇನಿನಿಂದ ಬಿಡುಗಡೆಯಾದಾಗ ಕೆಕ್ಚಿಗಳಿಗೆ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು 1871ರ ಉದಾರವಾದಿ ಕ್ರಾಂತಿಯ ನಂತರ. ಅದರ ನಾಯಕ ಹುಸ್ತೊ ರುಫಿನೊ ಬಾರಿಯೊಸ್ ಶಾಲೆ, ರೈಲು, ತಂತಿ ಎಲ್ಲವನ್ನೂ ತಂದ ಆಧುನಿಕ ಪುರುಷ, ಅಲ್ಲಿನ ಪಠ್ಯಪುಸ್ತಕಗಳ ಸುಧಾರಕ. ಅವನಿಗೆ ಬೇಕಾಗಿದ್ದದ್ದು ಕಾಫಿ. ಕಾಫಿಗೆ ನೆಲ ಬೇಕು, ಕೂಲಿ ಬೇಕು. ಊರಿನ ಸಾಮೂಹಿಕ ಭೂಮಿಗೆ ಕಾಗದವಿಲ್ಲವೆಂದು ಅದನ್ನು ಮಾರಾಟಕ್ಕಿಟ್ಟರು. 1877ರ ಕೂಲಿ ಕಾನೂನು, ತೋಟದವನು ಕೇಳಿದಷ್ಟು ಆಳುಗಳನ್ನು ಹಳ್ಳಿಗಳು ಒದಗಿಸಬೇಕು ಎಂದು ವಿಧಿಸಿತು. ಮುಂಗಡ ಸಾಲದ ಲೆಕ್ಕ ಬರೆದ ಚಿಕ್ಕ ಪುಸ್ತಕ ಪ್ರತಿ ಆಳಿನ ಜೇಬಿನಲ್ಲಿ. ಓದು ಬಾರದವನ ಸಾಲ ಆ ಪುಸ್ತಕದಲ್ಲಿ ಯಾವತ್ತೂ ತೀರುತ್ತಿರಲಿಲ್ಲ.

1877 ಎಂಬ ಇಸವಿ ನೋಡಿ ನಾನು ಪುಸ್ತಕ ಮುಚ್ಚಿಟ್ಟೆ. ಅದರ ಮರುವರ್ಷ, 1878ರಲ್ಲಿ, ಭಾರತದ ಅರಣ್ಯ ಕಾಯ್ದೆ ಬಂತು. ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯವೇ ಅದು. ಕೆನರಾದ ಕಾಡಿಗೆ ಗಡಿಕಲ್ಲು ಬಿದ್ದದ್ದು, ಕುಮರಿ ಬೇಸಾಯ ಮಾಡುತ್ತಿದ್ದವರನ್ನು ಹೊರಹಾಕಿದ್ದು, ಸೊಪ್ಪು ಸದೆಗೂ ಪರವಾನಗಿ ಬೇಕಾದದ್ದು. ನಮ್ಮಲ್ಲಿ ಕಾಡು ಸರ್ಕಾರದ್ದಾಯಿತು, ಅಲ್ಲಿ ಖಾಸಗಿಯವರದ್ದಾಯಿತು. ಆದರೆ ಎರಡು ಕಡೆಯ ಗುಮಾಸ್ತರೂ ಬಳಸಿದ ಉಪಾಯ ಒಂದೇ: ಕಾಗದ ತೋರಿಸಿ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನನ್ನ ಅಜ್ಜನ ಅಜ್ಜನ ಬಳಿ ತೋಟದ ಕಾಗದ ಇತ್ತು, ತೋಟಕ್ಕೆ ಸೇರಿದ ಬೆಟ್ಟದ ಹಕ್ಕೂ ಇತ್ತು. ಕುಮರಿ ಕಡಿಯುತ್ತಿದ್ದವರ ಬಳಿ ಇರಲಿಲ್ಲ. ಮನೆಯ ಕಥೆ ಹೇಳುವಾಗ ನಾವು ಅಷ್ಟು ಹಿಂದಕ್ಕೆ ಹೋಗುವುದೇ ಇಲ್ಲ.

ಆಲ್ತಾ ವೆರಾಪಾಸಿನ ಕಾಫಿ ನೆಲ ಕೊಂಡವರಲ್ಲಿ ಜರ್ಮನರೇ ಮುಂದು. ಡೀಸೆಲ್‌ಡಾರ್ಫ್, ಸಾಪರ್ ಮನೆತನಗಳು ತೋಟದೊಳಗಿನ ಕೆಕ್ಚಿಗಳನ್ನು ಸೇರಿಸಿಯೇ ತೋಟ ಕೊಂಡವು. ಪೊಲೊಚಿಕ್ ನದಿಯ ದಂಡೆಯ ಪಾನ್ಸೋಸ್ ಎಂಬ ಬಂದರಿನವರೆಗೆ ರೈಲು ಹಾಕಿ, ಅಲ್ಲಿಂದ ಹಡಗಿನಲ್ಲಿ ಜರ್ಮನಿಗೆ ಕಾಫಿ ಕಳಿಸಿದರು. ಪಾನ್ಸೋಸ್ ಎಂಬ ಈ ಹೆಸರು ನೆನಪಿಟ್ಟುಕೊಳ್ಳಿ. ಎರಡನೇ ಮಹಾಯುದ್ಧ ಬಂದಾಗ ಅಮೆರಿಕದ ಒತ್ತಡಕ್ಕೆ ಮಣಿದ ಸರ್ವಾಧಿಕಾರಿ ಹೊರ್ಹೆ ಉಬಿಕೊ ಅನೇಕ ಜರ್ಮನರನ್ನು ಗಡೀಪಾರು ಮಾಡಿದ, ಅವರ ತೋಟಗಳು ಸರ್ಕಾರದ ವಶವಾದವು. ಕೆಕ್ಚಿಗಳಿಗೆ ಮರಳಲಿಲ್ಲ. ಈ ಉಬಿಕೊ ಸಾಲದ ಪದ್ಧತಿಯನ್ನು ತೆಗೆದುಹಾಕಿ ಹೆಸರು ಮಾಡಿದವನು, ಆದರೆ 1934ರಲ್ಲಿ ಅದರ ಜಾಗಕ್ಕೆ ಅಲೆಮಾರಿತನದ ಕಾನೂನು ತಂದ: ಸಾಕಷ್ಟು ಜಮೀನಿಲ್ಲದವರು ವರ್ಷಕ್ಕೆ 100 ಅಥವಾ 150 ದಿನ ತೋಟಗಳಲ್ಲಿ ದುಡಿದದ್ದನ್ನು ಪುಸ್ತಕದಲ್ಲಿ ತೋರಿಸಬೇಕು, ಇಲ್ಲವಾದರೆ ಜೈಲು.

1944ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಕಿರಿಯ ಸೇನಾಧಿಕಾರಿಗಳು ಸೇರಿ ಆ ಆಡಳಿತವನ್ನು ಕೆಡವಿದರು. ಮೊದಲು ಹುವಾನ್ ಹೊಸೆ ಆರೆವಾಲೊ ಎಂಬ ಪ್ರಾಧ್ಯಾಪಕ, 1951ರಿಂದ ಹಾಕೊಬೊ ಆರ್ಬೆನ್ಸ್ ಅಧ್ಯಕ್ಷರಾದರು. ಆರ್ಬೆನ್ಸ್ 1952ರ ಜೂನ್ 17ರಂದು ಭೂಸುಧಾರಣೆಯ 900ನೇ ಆಜ್ಞೆಗೆ ಸಹಿ ಹಾಕಿದ. ಕಾಗೋಡಿನ ಗೇಣಿದಾರರು ಸಾಗರ ತಾಲ್ಲೂಕಿನಲ್ಲಿ ಸತ್ಯಾಗ್ರಹ ಹೂಡಿ ಆಗ ಒಂದು ವರ್ಷವಾಗಿತ್ತು. ದೊಡ್ಡ ಹಿಡುವಳಿಗಳಲ್ಲಿ ಬೀಳುಬಿಟ್ಟ ನೆಲವನ್ನು ಮಾತ್ರ ಹಂಚುವುದು, ತೆರಿಗೆ ಕಟ್ಟುವಾಗ ಮಾಲೀಕರೇ ಘೋಷಿಸಿದ ಬೆಲೆಯನ್ನೇ ಪರಿಹಾರವಾಗಿ ಕೊಡುವುದು, ಇಷ್ಟೇ ಆ ಕಾನೂನು. ಎಷ್ಟೋ ದಶಕ ಕಡಿಮೆ ಬೆಲೆ ತೋರಿಸಿ ತೆರಿಗೆ ಉಳಿಸಿದ್ದವರಿಗೆ ಅದು ಸರಿಯಾದ ಬಲೆ. ಬಾಳೆಹಣ್ಣಿನ ಯುನೈಟೆಡ್ ಫ್ರೂಟ್ ಕಂಪನಿ ಅದರಲ್ಲಿ ಸಿಕ್ಕಿಬಿತ್ತು. ಅದರ ಪರವಾಗಿ ಅಮೆರಿಕ ಸರ್ಕಾರ ಸುಮಾರು 1 ಕೋಟಿ 58 ಲಕ್ಷ ಡಾಲರ್ ಕೇಳಿತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್, ಸಿಐಎ ಮುಖ್ಯಸ್ಥ ಅವನ ತಮ್ಮ ಆ್ಯಲೆನ್ ಡಲೆಸ್. ಇಬ್ಬರೂ ದುಡಿದಿದ್ದ ವಕೀಲಿ ಸಂಸ್ಥೆ ಹಿಂದೆ ಆ ಕಂಪನಿಯ ಕೆಲಸ ಮಾಡಿತ್ತು. 1954ರ ಜೂನ್ 27ರಂದು, ಸಿಐಎ ಸಾಕಿದ ಪಡೆ ಗಡಿಯೊಳಗೆ ಬಂದಾಗ ಸ್ವಂತ ಸೈನ್ಯವೇ ಕೈಬಿಟ್ಟು, ಆರ್ಬೆನ್ಸ್ ರಾಜೀನಾಮೆ ಕೊಟ್ಟ. ಹಂಚಿದ ನೆಲವನ್ನು ಬಹುಮಟ್ಟಿಗೆ ವಾಪಸು ಕಿತ್ತುಕೊಂಡರು. ಈ ಭಾಗವನ್ನು ಅಮೆರಿಕ ವಿರೋಧಿ ಭಾಷಣಗಳಲ್ಲಿ ನಾವೆಲ್ಲ ಕೇಳಿದ್ದೇವೆ, ಹೆಚ್ಚು ಎಳೆಯುವುದಿಲ್ಲ.

ನಮ್ಮಲ್ಲಿ ಕಾಗೋಡಿನ ಕೂಗು ಕಾನೂನಾಗಲು 1974ರವರೆಗೆ, ದೇವರಾಜ ಅರಸರವರೆಗೆ ಕಾಯಬೇಕಾಯಿತು. ಆದರೆ ಆಯಿತು, ಮತ್ತು ಯಾರೂ ವಿಮಾನ ಕಳಿಸಿ ಅದನ್ನು ತಡೆಯಲಿಲ್ಲ. ಆ ಕಾಯ್ದೆಯನ್ನು ಈ ನೆಪದಲ್ಲಿ ತೆಗೆದು ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ಲಾಂಟೇಶನ್ನುಗಳಿಗೆ ಅದರಲ್ಲಿ ವಿನಾಯಿತಿ ಇದೆ. ಪ್ಲಾಂಟೇಶನ್ ಬೆಳೆ ಯಾವುವು ಎಂಬ ಪಟ್ಟಿಯಲ್ಲಿ ಕಾಫಿ, ಚಹಾ, ರಬ್ಬರು, ಮೆಣಸಿನ ಜೊತೆಗೆ ಏಲಕ್ಕಿಯೂ ಇದೆ. ಉಳುವವನೇ ಹೊಲದೊಡೆಯ ಎಂಬ ಮಾತು ಏಲಕ್ಕಿ ನೆರಳಿನವರೆಗೆ ಬಂದು ಅಲ್ಲಿ ನಿಂತುಬಿಟ್ಟಿತ್ತು.

ಈಗ ಪಾನ್ಸೋಸ್. 1970ರ ದಶಕದಲ್ಲಿ ಆಲ್ತಾ ವೆರಾಪಾಸಿನ ಉತ್ತರದ ಕಾಡುಪಟ್ಟಿಯಲ್ಲಿ ಎಣ್ಣೆ, ಪೂರ್ವದಲ್ಲಿ ನಿಕಲ್ ಇದ್ದದ್ದರಿಂದ ನೆಲಕ್ಕೆ ಹೊಸ ಬೆಲೆ ಬಂತು. ಸೇನಾಧಿಕಾರಿಗಳೇ ನೂರಾರು ಎಕರೆಯ ಒಡೆಯರಾದರು. ಪೊಲೊಚಿಕ್ ಕಣಿವೆಯಲ್ಲಿ ತಲೆಮಾರುಗಳಿಂದ ಜೋಳ ಬಿತ್ತುತ್ತಿದ್ದ ಕೆಕ್ಚಿಗಳು ಭೂಮಿಯ ಪತ್ರಕ್ಕಾಗಿ ಅರ್ಜಿ ಮೇಲೆ ಅರ್ಜಿ ಹಾಕಿದರು. 1978ರ ಮೇ 29ರ ಬೆಳಿಗ್ಗೆ ನೂರಾರು ಜನ ಪಾನ್ಸೋಸಿನ ಚೌಕಕ್ಕೆ ಬಂದರು. ಊರಿನ ಮೇಯರಿಗೆ ಕೊಡಲು ಒಂದು ಪತ್ರ ತಂದಿದ್ದರು. ಮುಂದೆ ನಿಂತವಳು ಅದೆಲಿನಾ ಕಾಲ್, ಜನ ಮಾಮಾ ಮಾಕಿನ್ ಎಂದು ಕರೆಯುತ್ತಿದ್ದ ಅಜ್ಜಿ. ಚೌಕದ ಸುತ್ತ ಸೈನಿಕರಿದ್ದರು. ಗುಂಡು ಹಾರಿತು. ಅಜ್ಜಿ ಅಲ್ಲೇ ಬಿದ್ದಳು, ಜೊತೆಗೆ ಬಂದಿದ್ದ ಮೊಮ್ಮಗಳು ಓಡಿ ಬದುಕಿದಳು. ಓಡುವಾಗ ನದಿಗೆ ಬಿದ್ದು ಸತ್ತವರೂ ಇದ್ದಾರೆ. ಹೆಣಗಳನ್ನು ಲಾರಿಗೆ ತುಂಬಿ ಒಂದೇ ಗುಂಡಿಗೆ ಹಾಕಿದರು. ಮುಂದೆ ಸತ್ಯಶೋಧನಾ ಆಯೋಗ ಸತ್ತವರನ್ನು 53 ಎಂದು ಎಣಿಸಿತು. ನೂರು ದಾಟುತ್ತದೆ ಎನ್ನುವವರಿದ್ದಾರೆ. ಆ ಗುಂಡಿಯನ್ನು ಅಗೆದದ್ದು 1997ರಲ್ಲಿ, ಹತ್ತೊಂಬತ್ತು ವರ್ಷದ ಮೇಲೆ.

ನಾನು ಆ ಇಸವಿಯನ್ನು ಅಜ್ಜನ ಹೆಂಚಿನ ಪಕ್ಕದಲ್ಲಿಟ್ಟು ನೋಡಿದೆ. ಅದೇ ವರ್ಷಗಳು. ನಮ್ಮ ಮನೆಗೆ ಏಲಕ್ಕಿ ದುಡ್ಡು ಬಂದಾಗ ಅಲ್ಲಿ ಪಾನ್ಸೋಸ್. ನಮ್ಮಲ್ಲಿ ಬರ ಬಿದ್ದ 1982-83ರಲ್ಲಿ ಅಲ್ಲಿ ಜನರಲ್ ರಿಯೊಸ್ ಮಾಂತ್ ಅಧಿಕಾರದಲ್ಲಿದ್ದ, ಮಾಯಾ ಹಳ್ಳಿಗಳನ್ನು ಸೈನ್ಯ ಬೆಂಕಿ ಹಚ್ಚಿ ಖಾಲಿ ಮಾಡುತ್ತಿತ್ತು. ಪಾನ್ಸೋಸಿಗೆ ಹತ್ತಿರದ ಸೆಪುರ್ ಸಾರ್ಕೊದಲ್ಲಿ ಭೂಮಿಯ ಪತ್ರ ಕೇಳಿದ ಗಂಡಸರನ್ನು ಹಿಡಿದೊಯ್ದು, ಅವರ ಹೆಂಡಂದಿರನ್ನು ಸೇನಾ ಠಾಣೆಯಲ್ಲಿ ಸರದಿಯ ಮೇಲೆ ಅಡುಗೆಗೆ, ಬಟ್ಟೆ ಒಗೆಯಲು, ಅತ್ಯಾಚಾರಕ್ಕೆ ಕರೆಸಿಕೊಂಡರು. ಮುದುಕಿಯರಾದ ಮೇಲೆ ಅವರು ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ನ್ಯಾಯಾಲಯದಲ್ಲಿ ಕೂತರು. 2016ರ ಫೆಬ್ರವರಿಯಲ್ಲಿ ಇಬ್ಬರು ಅಪರಾಧಿಗಳಿಗೆ 120 ಮತ್ತು 240 ವರ್ಷಗಳ ಶಿಕ್ಷೆಯಾಯಿತು. 1960ರಿಂದ 1996ರವರೆಗಿನ ಒಟ್ಟು ಯುದ್ಧದಲ್ಲಿ ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು ಎಂದು 1999ರ ಆಯೋಗದ ವರದಿ ಅಂದಾಜಿಸಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ.

ಇದೇ ಅವಧಿಯಲ್ಲಿ ಗ್ವಾಟೆಮಾಲಾ ಏಲಕ್ಕಿ ರಫ್ತಿನಲ್ಲಿ ಭಾರತವನ್ನು ಹಿಂದೆ ಹಾಕಿತು. ರಕ್ತ ಹರಿದದ್ದರಿಂದ ಏಲಕ್ಕಿ ಅಗ್ಗವಾಯಿತು ಎಂದು ಬರೆದರೆ ನನ್ನ ಮಾರ್ಗದರ್ಶಕರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯುತ್ತಾರೆ, ಎಳೆಯಬೇಕಾದದ್ದೇ. ಅಲ್ಲಿ ಹೊಸ ಮಣ್ಣಿತ್ತು, ರೋಗ ಕಡಿಮೆ ಇತ್ತು, ಕೊಲ್ಲಿ ದೇಶಗಳಲ್ಲಿ ಎಣ್ಣೆ ದುಡ್ಡಿನಿಂದ ಏಲಕ್ಕಿ ಹಾಕಿದ ಕಾಫಿಗೆ ಬೇಡಿಕೆ ಏರಿತ್ತು. ಭಾರತದಲ್ಲಿ ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ನಾವೇ ತಿನ್ನುತ್ತೇವೆ, ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಡಗು ಹತ್ತುತ್ತದೆ. ಇಷ್ಟು ಹೇಳಿ ಮುಗಿಸಿದ ಮೇಲೂ, ನೆಲದ ಪತ್ರ ಕೇಳುವುದೇ ಸಾವಿನ ದಾರಿಯಾಗಿದ್ದ ಕಡೆ ಕೂಲಿಯ ದರ ಎಷ್ಟಿರಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಅಗ್ಗ ಎಂಬ ಪದವನ್ನು ಅಜ್ಜ ಬಳಸಿದಷ್ಟು ಸಲೀಸಾಗಿ ಈಗ ನನ್ನಿಂದ ಬಳಸಲಾಗುವುದಿಲ್ಲ.

ಇನ್ನೊಂದು ನೆಂಟಸ್ತಿಕೆಯೂ ಇದೆ. ಅಜ್ಜನ ಗಿಡಗಳನ್ನು ತಿಂದ ರೋಗದ ಹೆಸರು ಕಟ್ಟೆ. ಎಲೆ ಮೇಲೆ ತಿಳಿಹಸಿರು ಗೀರು ಬಿದ್ದು ಹಿಂಡಲು ಸೊರಗುವ ರೋಗ, ಹೇನಿನಿಂದ ಹರಡುವ ವೈರಸ್ಸು. ಮಲೆನಾಡಿನ ಬಾಯಿಮಾತಿನ ಈ ಪದ ಲೋಕದ ಸಸ್ಯರೋಗ ಶಾಸ್ತ್ರದ ಪುಸ್ತಕಗಳಲ್ಲಿ ಹಾಗೆಯೇ ಅಚ್ಚಾಗಿದೆ. 1980ರ ದಶಕದಲ್ಲಿ ಗ್ವಾಟೆಮಾಲಾ ಏಲಕ್ಕಿಯಲ್ಲೂ ಇಂಥದೇ ಮೊಸಾಯಿಕ್ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದರು. ಅದನ್ನು ಓದಿದಾಗ ಒಂದು ಗಳಿಗೆ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅಜ್ಜನಿಗೆ ಹೇಳಬೇಕಿತ್ತು ಅನ್ನಿಸಿತು. ಆಮೇಲೆ ನಾಚಿಕೆಯಾಯಿತು.

ಯಾಕೆಂದರೆ ಅಲ್ಲಿ ಈಗ ಏಲಕ್ಕಿ ಬೆಳೆಯುವವರಲ್ಲಿ ಬಹುಪಾಲು ಜರ್ಮನರೂ ಅಲ್ಲ, ಜನರಲ್‌ಗಳೂ ಅಲ್ಲ. ಸಣ್ಣ ತುಂಡು ನೆಲದಲ್ಲಿ ಮನೆಗೆ ಜೋಳ, ಕಾಸಿಗೆ ಏಲಕ್ಕಿ ಹಾಕಿಕೊಂಡ ಕೆಕ್ಚಿ ಕುಟುಂಬಗಳು. ಒಣಗಿಸುವ ಗೂಡು ಕಟ್ಟಲು, ಸೌದೆ ಕೊಳ್ಳಲು ಶಕ್ತಿಯಿಲ್ಲದೆ ಹಸಿ ಕಾಯಿಯನ್ನೇ ಮಧ್ಯವರ್ತಿಗೆ ಮಾರುತ್ತಾರೆ. ಮಧ್ಯವರ್ತಿಗೆ ಅಲ್ಲಿನ ಹೆಸರು ಕೊಯೋಟೆ, ಅಂದರೆ ತೋಳದ ಜಾತಿಯ ಒಂದು ಪ್ರಾಣಿ. ನಮ್ಮ ಕಡೆ ದಲಾಲಿ ಅನ್ನುತ್ತೇವೆ, ಸ್ವಲ್ಪ ಮರ್ಯಾದೆ ಉಳಿಸಿ. ಬೆಳೆದವರ ಅಡುಗೆಮನೆಯಲ್ಲಿ ಏಲಕ್ಕಿಗೆ ಹೆಚ್ಚು ಕೆಲಸವಿಲ್ಲ. ಅದು ದರದಿಂದಷ್ಟೇ ಅವರಿಗೆ ಪರಿಚಯ. ಕೇರಳದ ನೆರೆಯ ಮರುವರ್ಷ, 2019ರಲ್ಲಿ, ಇಡುಕ್ಕಿಯ ಹರಾಜಿನಲ್ಲಿ ಏಲಕ್ಕಿ ಕಿಲೊಗೆ 7000 ರೂಪಾಯಿ ಮುಟ್ಟಿದಾಗ ನಮ್ಮ ಸೋದರಮಾವ ತೋಟದಲ್ಲಿ ಮತ್ತೆ ಹಿಂಡಲು ನೆಟ್ಟ. ಅದೇ ಆಸೆಯಿಂದ ಕೊಬಾನಿನ ಗುಡ್ಡದಲ್ಲೂ ಯಾರೋ ನೆಟ್ಟಿರುತ್ತಾರೆ. ಮುಂದಿನ ದರ ಕುಸಿತಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ಬೈಯಬಹುದು.

2023ರ ಅಕ್ಟೋಬರಿನಿಂದ ನೂರಕ್ಕೂ ಹೆಚ್ಚು ದಿನ ಮಾಯಾ ಜನ ರಾಜಧಾನಿಯಲ್ಲಿ ಧರಣಿ ಕೂತು, ಚುನಾವಣೆಯ ಫಲಿತಾಂಶವನ್ನು ಬುಡಮೇಲು ಮಾಡದಂತೆ ಕಾದರು. ಹಾಗೆ 2024ರ ಜನವರಿಯಲ್ಲಿ ಅಧ್ಯಕ್ಷನಾದವನು ಬೆರ್ನಾರ್ದೊ ಆರೆವಾಲೊ, 1944ರ ಕ್ರಾಂತಿಯ ನಂತರ ಬಂದ ಆ ಪ್ರಾಧ್ಯಾಪಕನ ಮಗ. ಭೂಮಿಯ ಪತ್ರಗಳ ಜಗಳ ಪೊಲೊಚಿಕ್ ಕಣಿವೆಯಲ್ಲಿ ಇನ್ನೂ ಮುಗಿದಿಲ್ಲ.

ಹಬ್ಬದ ದಿನ ಅಮ್ಮ ಪಾಯಸಕ್ಕೆ ಏಲಕ್ಕಿ ಬಿಡಿಸುತ್ತಿದ್ದಳು. ಎರಡು ಪೊಟ್ಟಣಗಳಲ್ಲಿ ದಪ್ಪ ಕಾಯಿಯದ್ದನ್ನೇ ತೆಗೆದುಕೊಂಡಿದ್ದಳು, ಸಿಪ್ಪೆ ಬೇಗ ಬಿಡುತ್ತದೆ ಎಂದು. ಅದು ಎಲ್ಲಿಯದು ಅಂತ ಹೇಳಿದೆ. ಕೈ ನಿಂತಿತು. ನಾನು ಪಾನ್ಸೋಸಿನ ಅಜ್ಜಿಯ ಕಥೆ ಹೇಳಿದೆ, ಪತ್ರ, ಚೌಕ, ಲಾರಿ, ಮೊಮ್ಮಗಳು ಎಲ್ಲ. ಅಮ್ಮ ಪೂರ್ತಿ ಕೇಳಿದಳು. ಆಮೇಲೆ, 'ಆ ಪತ್ರದಾಗ ಏನು ಬರೆದಿದ್ರು?' ಎಂದು ಕೇಳಿದಳು. ತಮ್ಮ ಹೊಲದಲ್ಲಿ ತಮ್ಮನ್ನು ಬಿತ್ತಲು ಬಿಡಿ ಅಂತ ಕೇಳಲು ಬಂದಿದ್ದರು ಎಂದೆ. ಅಮ್ಮ ಕಾಯಿಗಳನ್ನು ಕುಟ್ಟಾಣಿಗೆ ಹಾಕಿದಳು, ಸ್ವಲ್ಪ ಹೊತ್ತು ಕುಟ್ಟಿದಳು, ಮೂಸಿ ನೋಡಿದಳು. ವಾಸನೆ ಕಡಿಮೆ ಅಂದಳು, ಇನ್ನೂ ನಾಲ್ಕು ಹಾಕಿದಳು.